ಸತುವಿನ ವಂಶ

ಮೊನ್ನೆ ಮೊಮ್ಮಗಳ ಮೊಣಕಾಲಿನ ಗಾಯಕ್ಕೆ ಟಿಂಕ್ಚರ್ ಹಚ್ಚಲು ಬಾಟಲಿಯ ಮುಚ್ಚಳ ತೆಗೆದೆ. ಅಯೋಡಿನ್ನಿನ ಘಾಟು ಮೂಗಿಗೆ ಬಡಿಯಿತು. ಅಷ್ಟೇ… ಪೀಣ್ಯದ ಆ ಲ್ಯಾಬು, ಅಲ್ಲಿನ ನಮ್ಮ ಮೇಡಂ ಕಣ್ಣೆದುರು ಬಂದು ನಿಂತರು.

ಎಂಬತ್ತರ ದಶಕದ ಮೊದಲ ವರ್ಷಗಳು. ಪೆನಿಸಿಲಿನ್ ತಯಾರಿಸುವ ಸಣ್ಣ ಕಾರ್ಖಾನೆ ಅದು. ಬಿಎಸ್ಸಿ ಮುಗಿಸಿ ಆಗಷ್ಟೇ ಸೇರಿದ್ದೆ. ಮೇಡಂ ಲ್ಯಾಬಿನ ಮುಖ್ಯಸ್ಥೆ. ಎತ್ತರದ ಆಳಲ್ಲ, ದನಿಯೂ ಜೋರಲ್ಲ. ಆದರೂ ಸೆರಗು ಸೊಂಟಕ್ಕೆ ಸಿಕ್ಕಿಸಿ ಒಳಗೆ ಬಂದರೆಂದರೆ ನಮ್ಮ ಹರಟೆ ತಾನಾಗಿ ನಿಲ್ಲುತ್ತಿತ್ತು.

ಆ ಬೇಸಿಗೆಯಲ್ಲಿ ಟ್ಯಾಂಕುಗಳೊಳಗೇ ಪೆನಿಸಿಲಿನ್ ಮಾಯವಾಗತೊಡಗಿತು. ಯಾವುದೋ ಬ್ಯಾಕ್ಟೀರಿಯಾ ಒಳಹೊಕ್ಕು, ತನ್ನ ಕಿಣ್ವದಿಂದ ಔಷಧಿಯನ್ನು ಒಡೆಯುತ್ತಿತ್ತು. ಟ್ಯಾಂಕ್ ನೋಡಿಕೊಳ್ಳುತ್ತಿದ್ದ ಲಗ್ಗೆರೆಯವನ ಕೊಳಕು ಕೈಯೇ ಕಾರಣವೆಂದು ಮ್ಯಾನೇಜರ್ ತೀರ್ಮಾನಿಸಿಬಿಟ್ಟರು. ಸಂಜೆಯೊಳಗೆ ಅವನನ್ನು ಕೆಲಸದಿಂದ ತೆಗೆಯುವುದೆಂದಾಯಿತು.

ಅವನು ಲ್ಯಾಬಿನ ಬಾಗಿಲಿಗೆ ಬಂದು ನಿಂತ. "ಕೈ ತೊಳ್ಕಂಡೇ ಮುಟ್ಟಿದ್ದು ಮೇಡಂ. ಮನೇಲಿ ಎಂಡ್ತಿ ಬಾಣಂತಿ. ಇಂಗೆ ಏಕಾಏಕಿ ಓಗು ಅಂದ್ರೆ ಎಂಗೆ?"

"ಸಂಜೆವರ್ಗೂ ಟೈಮಿದೆಯಲ್ಲ. ಇಲ್ಲೇ ಕೂತ್ಕೊಳ್ಳಪ್ಪ," ಎಂದರು ಮೇಡಂ.

ಟ್ಯೂಬುಗಳನ್ನು ಜೋಡಿಸುತ್ತ ನನಗೆ ಹೇಳಿದರು: "ಪೆನಿಸಿಲಿನ್ ಒಡೆಯೋ ಕಿಣ್ವಗಳೆಲ್ಲ ಒಂದೇ ವಂಶದವಲ್ಲ ಕಣಮ್ಮ. ಕೈಯಿಂದ ಬರೋ ಬ್ಯಾಕ್ಟೀರಿಯಾದ ಕಿಣ್ವ, ಅದು ತನ್ನ ಜೀವಕೋಶದ ಗೋಡೆ ಕಟ್ಕೊಳ್ಳೋ ಕಿಣ್ವದ ದಾಯಾದಿ. ಯಾವಾಗ್ಲೋ ಕವಲೊಡೆದು ಈ ಕಸುಬು ಹಿಡೀತು ಅಂತಾರೆ. ಮಣ್ಣಿನ ಬ್ಯಾಕ್ಟೀರಿಯಾದ ಹತ್ರ ಇನ್ನೊಂದಿದೆ. ಅದೂ ಇದೇ ಕೆಲ್ಸ ಮಾಡತ್ತೆ, ಆದ್ರೆ ಇದಕ್ಕೂ ಅದಕ್ಕೂ ನಂಟೇ ಇಲ್ಲ. ಸತು, ಅದೇ ಜಿಂಕ್, ಸಿಗದಿದ್ರೆ ಅದರ ಆಟ ನಡೆಯಲ್ಲ."

ಮಣ್ಣಿನದು ಸಿಕ್ಕರೆ ಏನರ್ಥ ಎಂಬುದು ನಮಗೆಲ್ಲ ಗೊತ್ತಿತ್ತು. ಟ್ಯಾಂಕುಗಳನ್ನು ಶುದ್ಧಮಾಡಲು ಹಾಯಿಸುವ ಹಬೆ ಕಡಿಮೆಯಾದರೆ ಅದರ ಬೀಜಾಣುಗಳು ಸಾಯುವುದಿಲ್ಲ. ಇಂಧನ ಉಳಿಸಲು ಬಾಯ್ಲರಿನ ಒತ್ತಡ ಇಳಿಸಿದ್ದವರು ಸ್ವತಃ ಮ್ಯಾನೇಜರ್.

ಪೆನಿಸಿಲಿನ್ ಬೆರೆಸಿದ ಗಂಜಿಗೆ ಅಯೋಡಿನ್ ಬಿದ್ದು ಟ್ಯೂಬುಗಳೆಲ್ಲ ಗಾಢ ನೀಲಿಯಾದವು. ಪೆನಿಸಿಲಿನ್ ಒಡೆದಂತೆಲ್ಲ ಆ ನೀಲಿ ಮಾಸಬೇಕು. ಟ್ಯಾಂಕಿನ ದ್ರವ ಹಾಕಿದ ಟ್ಯೂಬು ನೋಡನೋಡುತ್ತಲೇ ಬಿಳುಪಾಯಿತು. ಇನ್ನೊಂದಕ್ಕೆ ಮೇಡಂ, ಸತುವನ್ನು ಹಿಡಿದಿಟ್ಟುಕೊಳ್ಳುವ ಲವಣ ಬೆರೆಸಿದ ದ್ರವವನ್ನು ಹಾಕಿದರು. ಅಷ್ಟರಲ್ಲಿ ಮ್ಯಾನೇಜರ್ ಬಂದು ಅವರ ಹಿಂದೆ ನಿಂತರು. ಸ್ಟೂಲಿನ ತುದಿಯಲ್ಲಿ ಕೂತಿದ್ದವನು ಟ್ಯೂಬನ್ನು ನೋಡದೆ ಮೇಡಂ ಮುಖವನ್ನೇ ನೋಡುತ್ತಿದ್ದ.

ನೀಲಿ ನಿಂತಿತು. ಪೂರ್ತಿಯಲ್ಲ, ತುಸು ಮಾಸಿ ನಿಂತಿತು.

"ಸ್ವಲ್ಪ ಹೋಗಿದೆಯಲ್ರೀ?" ಎಂದರು ಮ್ಯಾನೇಜರ್.

"ಮಣ್ಣಿನದು ಎರಡೂ ವಂಶದ್ದನ್ನ ಇಟ್ಕೊಂಡಿರತ್ತೆ ಸಾರ್. ಕೈಯಿಂದ ಬಂದದ್ದಾಗಿದ್ರೆ ಸತುವಿನದು ಇರ್ತಾನೇ ಇರ್ಲಿಲ್ಲ." ಹಾಗೆಂದವರೇ ಅದೇ ಟ್ಯೂಬಿಗೆ ಧಾರಾಳವಾಗಿ ಸತುವಿನ ದ್ರಾವಣ ಬಿಟ್ಟರು. ಉಳಿದಿದ್ದ ನೀಲಿಯೂ ಕರಗಿಹೋಯಿತು. "ತಪ್ಪು ಇವನ ಕೈಯದ್ದಲ್ಲ ಸಾರ್. ನಮ್ಮ ಹಬೆ ಸಾಲ್ತಿಲ್ಲ. ಅದನ್ನ ಇಳಿಸಿದ್ದು ನೀವು."

ಮ್ಯಾನೇಜರ್ ಮುಖ ಕೆಂಪಾಯಿತು. ಸರ್ರನೆ ತಿರುಗಿ ಹೊರಟುಹೋದರು. ಲಗ್ಗೆರೆಯವನ ಕೆಲಸ ಉಳಿಯಿತು, ಬಾಯ್ಲರಿನ ಒತ್ತಡ ಏರಿತು, ಪೆನಿಸಿಲಿನ್ ಮತ್ತೆ ಕೈಗೆ ಹತ್ತಿತು. ಮಳೆಗಾಲದ ಹೊತ್ತಿಗೆ ಮಾತ್ರ, ಲ್ಯಾಬಿಗೆ ಇಷ್ಟು ಜನ ಬೇಡವೆಂದು ಮ್ಯಾನೇಜರ್ ನಮ್ಮ ಮೇಡಂ ಅವರನ್ನೇ ಕೆಲಸದಿಂದ ಕಳಿಸಿಬಿಟ್ಟರು. ಹೋಗುವ ದಿನ ಅವರು ಅಳಲಿಲ್ಲ. "ಟ್ಯೂಬು ಸರಿಯಾಗಿ ತೊಳೀರಮ್ಮ," ಎಂದಷ್ಟೇ ಅಂದರು. ಆಮೇಲೆ ಯಾವುದೋ ಊರಿನ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಾರೆಂದು ಕೇಳಿದೆ… ಯಾವ ಊರೋ.

ಹೋದ ವಾರ ಲಗ್ಗೆರೆಯ ಮಾರ್ಕೆಟ್ಟಿನಲ್ಲಿ ಆ ಟ್ಯಾಂಕಿನವನು ಸಿಕ್ಕ. ತಲೆ ಪೂರ್ತಿ ನರೆತಿದೆ. ಗುರುತು ಹಿಡಿದು ಹತ್ತಿರ ಬಂದ.

"ಮೇಡಂ ಓಗ್ಬಿಟ್ರಂತಲ್ಲಮ್ಮ. ನನ್ ಮಗಳು ಎಲ್ಲೋ ಕೇಳ್ಕಂಡ್ ಬಂದ್ಲು. ಕೊನೇಲಿ ಜೊತೇಲಿ ಯಾರಾರ ಇದ್ರಾ?"

ಅವರು ತೀರಿಕೊಂಡ ಸುದ್ದಿ ನನಗೆ ತಿಳಿದದ್ದೇ ಆಗ. ಇದ್ದಿರಬಹುದು ಎಂದೆ. ಅವನು ತಲೆಯಾಡಿಸಿದ, ಆದರೆ ಹೋಗಲಿಲ್ಲ. ನನಗೂ ಅಲ್ಲಿಂದ ಕಾಲು ಕೀಳಲಾಗಲಿಲ್ಲ.