ಗುಡದಪ್ಪ ತರಬೇತಿಗೆ ಹೋಗಿ ಬಂದದ್ದು

ಹಾವೇರಿ ಜಿಲ್ಲೆಯಾಗುವುದಕ್ಕೂ ಮೊದಲಿನಿಂದ, ಒಟ್ಟು ಇಪ್ಪತ್ತಾರು ವರ್ಷ, ಗುಡದಪ್ಪ ಮಾಡಿಕೊಂಡು ಬಂದದ್ದು ಒಂದೇ ಕೆಲಸ: ಜೈಲಿನಲ್ಲಿರುವವರ ಮನೆಗೆ ಹೋಗಿ ಚಹಾ ಕುಡಿಯುವುದು. ಸರಕಾರಿ ಕಾಗದದಲ್ಲಿ ಇದಕ್ಕೆ ಮನೆ ವಿಚಾರಣೆ ಎಂದು ಹೆಸರು. ಅವನ ಹುದ್ದೆಗೂ ಪರಿವೀಕ್ಷಣಾಧಿಕಾರಿ ಎಂಬ ಘನವಾದ ಹೆಸರಿತ್ತು, ಅದನ್ನು ಪೂರ್ತಿ ಉಚ್ಚರಿಸುವ ತಾಳ್ಮೆ ಮಾತ್ರ ಯಾರಿಗೂ ಇರಲಿಲ್ಲ. ಹೆಂಡತಿ ಮೈಲವ್ವ ಕೂಡ ಕೇಳಿದವರಿಗೆ "ಜೈಲಿನ ಕಡೆ ಏನೋ ಬರೀತಾರ" ಎಂದು ಹೇಳಿ ಮುಗಿಸುತ್ತಿದ್ದಳು. ಕೈದಿಯೊಬ್ಬ ಪೆರೋಲ್ ಕೇಳಿದರೆ, ಅಂದರೆ ಕೆಲವು ದಿನ ಮನೆಗೆ ಬಿಡಿ ಎಂದು ಅರ್ಜಿ ಹಾಕಿದರೆ, ಬಿಡಬಹುದೋ ಬಾರದೋ ಎಂದು ಅವನ ಊರಿಗೇ ಹೋಗಿ ನೋಡಿ ಬರೆಯಬೇಕಾದವನು ಗುಡದಪ್ಪ.

ಅವನ ಪದ್ಧತಿ ಸರಳವಾಗಿತ್ತು. ಬಸ್ಸಿಳಿದು ನೇರವಾಗಿ ಆ ಮನೆಗೆ ಹೋಗುವುದು, ಕೊಟ್ಟದ್ದನ್ನು ಕುಡಿಯುವುದು, ಊಟದ ಹೊತ್ತಾಗಿದ್ದರೆ ರೊಟ್ಟಿ ಮುರಿಯುವುದು, ಮಳೆ ಬೆಳೆ ಮಾತಾಡುವುದು. ಅಷ್ಟರಲ್ಲಿ ಓಣಿಯವರು ಒಬ್ಬೊಬ್ಬರಾಗಿ ಬಂದು ಕಟ್ಟೆಯ ಮೇಲೆ ಕೂತು, ಕೇಳಿದ್ದಕ್ಕಿಂತ ಹೆಚ್ಚೇ ಹೇಳುತ್ತಿದ್ದರು. ಆಮೇಲೆ ನಾಲ್ಕು ಸಾಲಿನ ವರದಿ. ಬಿಡಬಹುದು ಎಂದು ಅವನು ಬರೆದವರಲ್ಲಿ ಓಡಿಹೋದವನು ಒಬ್ಬನೂ ಇಲ್ಲ. ಕುಮಾರಪಟ್ಟಣದ ಕಡೆಯವನೊಬ್ಬ ಮಾತ್ರ ಎರಡು ದಿನ ತಡವಾಗಿ ಜೈಲಿಗೆ ಮರಳಿ, ಎಮ್ಮೆ ಈಯುವುದಿತ್ತು ಎಂದು ಕಾರಣ ಕೊಟ್ಟಿದ್ದ. ಗುಡದಪ್ಪ ಖುದ್ದಾಗಿ ಹೋಗಿ, ಕರು ನೋಡಿ, ಕಾರಣ ನಿಜವೆಂದು ಬರೆದು ಕಳಿಸಿದ.

ಎರಡು ಸಾವಿರದ ನಾಲ್ಕರ ಜನವರಿಯಲ್ಲಿ ಇಲಾಖೆಗೆ ತನ್ನ ನೌಕರರ ಕೌಶಲ ಹೆಚ್ಚಿಸಬೇಕೆಂದು ಅನ್ನಿಸಿತು. ರಾಣೆಬೆನ್ನೂರಿನ ಒಂದು ಕಲ್ಯಾಣಮಂಟಪದಲ್ಲಿ ಮೂರು ದಿನದ ತರಬೇತಿ. ಹಿಂದಿನ ದಿನದ ಮದುವೆಯ ಹೂವನ್ನು ಇನ್ನೂ ಬಿಚ್ಚಿರಲಿಲ್ಲ, ಮದುಮಕ್ಕಳು ಕೂತೆದ್ದ ಜರತಾರಿ ಕುರ್ಚಿಯಲ್ಲಿ ಪ್ರೊಜೆಕ್ಟರು ಕೂತಿತ್ತು. ಕಲಿಸಲು ಬೆಂಗಳೂರಿನಿಂದ ಭುವನಾ ಎಂಬ ಮೂವತ್ತರ ಹೆಣ್ಣುಮಗಳು ಬಂದಿದ್ದಳು. ಗುಡದಪ್ಪ ಹಿಂದಿನ ಸಾಲಿನಲ್ಲಿ, ಗೋಡೆಗೆ ತಲೆ ಆನಿಸಲು ಅನುಕೂಲವಾಗುವ ಕಡೆ ಕೂತ.

ಆದರೆ ಅವನಿಗೆ ನಿದ್ದೆ ಬರಲಿಲ್ಲ. ಭುವನಾ ಬಾಯಿ ತೆಗೆದದ್ದೇ "ನೀವು ಮಾಡೋದು ಗುಮಾಸ್ತರ ಕೆಲಸ ಅಲ್ಲ ಸರ್, ಇದು ಒಂದು ವಿದ್ಯೆ" ಎಂದಳು. ಇಪ್ಪತ್ತಾರು ವರ್ಷದಲ್ಲಿ ಈ ಮಾತನ್ನು ಅವನಿಗೆ ಯಾರೂ ಹೇಳಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವನು ಮುಂದಿನ ಸಾಲಿಗೆ ಬಂದಿದ್ದ.

ಕಲಿತದ್ದು ಬಹಳ. ಪ್ರಶ್ನೆ ಕೇಳಿ ಒಂದು ನಿಮಿಷ ಸುಮ್ಮನಿರಬೇಕು, ಎದುರಿನವರು ತಾವಾಗಿಯೇ ಬಾಯಿ ಬಿಡುತ್ತಾರೆ. ಇಪ್ಪತ್ತೈದು ಪ್ರಶ್ನೆಗಳ ಫಾರಂ ತುಂಬಬೇಕು, ಒಟ್ಟು ನೂರು ಅಂಕ, ನಲವತ್ತರ ಕೆಳಗೆ ಬಂದರೆ ಬಿಡುಗಡೆಗೆ ಶಿಫಾರಸು ಇಲ್ಲ. ಎಲ್ಲಕ್ಕಿಂತ ಮುಖ್ಯ, ವಿಚಾರಣೆಗೆ ಹೋದ ಮನೆಯಲ್ಲಿ ಏನನ್ನೂ ತೆಗೆದುಕೊಳ್ಳಬಾರದು, ತೆಗೆದುಕೊಂಡರೆ ಮನಸ್ಸು ಆ ಕಡೆ ವಾಲುತ್ತದೆ. ಇದನ್ನು ಕೇಳಿ ಗುಡದಪ್ಪ ತಾನು ಈವರೆಗೆ ಕುಡಿದ ಚಹಾವನ್ನೆಲ್ಲ ನೆನೆದು ಬೆವತ. ಮೂರನೆಯ ದಿನ ಕೊಟ್ಟ ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ಮನೆಯಲ್ಲಿ ತೂಗುಹಾಕಿದ.

ಹೊಸದರಲ್ಲಿ ಅಗಸ ಎತ್ತೆತ್ತಿ ಒಗೆದನಂತೆ. ಫಾರಂ ಹಿಡಿದು ಗುಡದಪ್ಪ ಹೋದ ಮೊದಲ ಮನೆ ಬ್ಯಾಡಗಿಯ ಸಕೀನಾಬಿಯದು.

ಸಕೀನಾಬಿಯ ಗಂಡ ಶಮಶೇರಸಾಬ ಗೌಂಡಿ ಕೆಲಸದವನು. ಒಂದು ಜಗಳದಲ್ಲಿ ಸಿಟ್ಟಿನ ಕೈಗೆ ಸನಿಕೆ ಸಿಕ್ಕು, ಎದುರಿಗಿದ್ದವನು ಸತ್ತ. ಎಂಟು ವರ್ಷದಿಂದ ಬಳ್ಳಾರಿ ಜೈಲಿನಲ್ಲಿದ್ದ. ಊರಿಡೀ ಮನೆ ಕಟ್ಟಿದವನ ಸ್ವಂತ ಮನೆ ಪಡಸಾಲೆ, ಅಡುಗೆಮನೆ ಎಂದು ಎರಡೇ ಅಂಕಣದ, ಮೇಲೆ ಮಣ್ಣು ಹೊದಿಸಿದ ಮಾಳಿಗೆ, ನಡುವಿನ ತೊಲೆ ಬಾಗಿ, ಅದಕ್ಕೊಂದು ಬಡಿಗೆ ಆನಿಸಿ ನಿಲ್ಲಿಸಿದ್ದರು. ಅದರ ಕೆಳಗೆ ಸಕೀನಾಬಿ ಮತ್ತು ಕಣ್ಣು ಮಂಜಾದ ಅತ್ತೆ ರಮಜಾನಬಿ ಮಲಗುತ್ತಿದ್ದರು. ಮಳೆಗಾಲದೊಳಗೆ ಮಾಳಿಗೆ ಸರಿಮಾಡಿ ಬರುತ್ತೇನೆ, ಮೂವತ್ತು ದಿನ ಬಿಡಿ ಎಂದು ಶಮಶೇರಸಾಬ ಅರ್ಜಿ ಹಾಕಿದ್ದ. ಪಕ್ಕದ ಹಿಟ್ಟಿನ ಗಿರಣಿಯ ನಾಗಪ್ಪ ಮತ್ತು ಬಳೆ ಅಂಗಡಿಯ ಮಹಮ್ಮದಗೌಸ ಜಾಮೀನು ನಿಲ್ಲಲು ಒಪ್ಪಿದ್ದರು.

ಗುಡದಪ್ಪ ಬಂದಾಗ ಸಕೀನಾಬಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿ ಬಿಟ್ಟು, ಕೈಯ ಘಾಟು ಹೋಗುವ ತನಕ ತೊಳೆದು, ಚಹಾ ಮಾಡಿದ್ದಳು. ಓಣಿಯವರು ರೂಢಿಯಂತೆ ಕಟ್ಟೆಗೆ ಬಂದು ಕೂತಿದ್ದರು.

"ಚಾ ತಗೋರಿ ಸಾಹೇಬ್ರ."

"ಬ್ಯಾಡ."

"ನೀರರ ಕುಡೀರಿ."

"ಏನೂ ಬ್ಯಾಡ. ನಿನ್ನ ಗಂಡನ ಬಗ್ಗೆ ಏನ್ ಹೇಳ್ತಿ?"

ಕೇಳಿ, ಗಡಿಯಾರ ನೋಡುತ್ತ ಒಂದು ನಿಮಿಷ ಸುಮ್ಮನಾದ. ಸಕೀನಾಬಿ ಆರುತ್ತಿರುವ ಚಹಾ ನೋಡುತ್ತ ಸುಮ್ಮನಾದಳು. ಕಟ್ಟೆಯವರೂ ಸುಮ್ಮನಾಗಿ, ಸ್ವಲ್ಪ ಹೊತ್ತಿನಲ್ಲಿ ಒಬ್ಬೊಬ್ಬರಾಗಿ ಎದ್ದು ಹೋದರು. ಉತ್ತರಿಸಲು ಹಿಂಜರಿಕೆ ಎಂಬಲ್ಲಿ ಅಂಕ ಕಳೆಯಿತು, ಸ್ಥಳೀಯರ ಸಹಕಾರ ಎಂಬಲ್ಲಿ ಸೊನ್ನೆ ಬಿತ್ತು. ಹಾವೇರಿಗೆ ಮರಳುವ ಬಸ್ಸಿನಲ್ಲಿ ಕೂಡಿಸಿದರೆ ಮೂವತ್ತೇಳು. ಮನಸ್ಸಿಗೆ ಸಮಾಧಾನವಾಗಲಿಲ್ಲ, ಮತ್ತೊಮ್ಮೆ ಕೂಡಿಸಿದ. ಮೂವತ್ತೇಳೇ. ಶಿಫಾರಸು ಇಲ್ಲ ಎಂದು ಬರೆದು ಅಂದೇ ಕಳಿಸಿದ.

ಎಂಟನೆಯ ದಿನ ಸಕೀನಾಬಿ ಹಾವೇರಿಯ ಕಚೇರಿಗೆ ಬಂದು ಬಾಗಿಲಲ್ಲಿ ನಿಂತಳು. ಅಳಲಿಲ್ಲ, ಕೈ ಮುಗಿಯಲಿಲ್ಲ.

"ನಮ್ಮ ಮನ್ಯಾಗ ಏನ್ ಕಂಡ್ರಿ ಸಾಹೇಬ್ರ?"

"ಯಾಕ ತಂಗೀ?"

"ನೀರು ಸೈತ ಮುಟ್ಟಲಿಲ್ಲ ನೀವು. ಓಣಿ ಮಂದಿಯೆಲ್ಲಾ ನೋಡ್ಯಾರ. ಇಷ್ಟು ವರ್ಷ ಎಲ್ಲಾರ ಮನ್ಯಾಗ ಉಂಡ ಸಾಹೇಬ್ರು ಈ ಮನ್ಯಾಗ ನೀರು ಒಲ್ಲೆ ಅಂದ್ರ, ಶಮಶೇರ ಜೈಲಿನಾಗ ಮತ್ತೇನೋ ಮಾಡ್ಯಾನ ಅಂತ ಮಾತಾಡಾಕತ್ತಾರ. ಜಾಮೀನಾಗೋರು ಇಬ್ಬರೂ ಹಿಂದ ಸರಿದಾರ."

ಆ ಸೀಮೆಯಲ್ಲಿ ನೀರು ಮುಟ್ಟದೆ ಏಳುವವರು ಯಾರು? ಮುನಿಸಿಕೊಂಡ ಬೀಗರು, ಸಂಬಂಧ ಮುರಿದುಕೊಂಡವರು, ಹೆಣ್ಣು ನೋಡಿ ಒಲ್ಲೆ ಎನ್ನುವವರು. ಇದು ಗುಡದಪ್ಪನಿಗೆ ಗೊತ್ತಿಲ್ಲದ್ದಲ್ಲ, ಹುಟ್ಟಿದಾಗಿನಿಂದ ಗೊತ್ತಿದ್ದದ್ದು. ಗೊತ್ತಿದ್ದದ್ದನ್ನು ಮೂರು ದಿನ ಕೂತು ಮರೆತು ಬಂದಿದ್ದ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಅವನಿಗೆ ಬಹಳ ನಾಚಿಕೆಯಾಯಿತು. ಅವಳು ಬಂದ ಬಸ್ಸಿನಲ್ಲೇ ಬ್ಯಾಡಗಿಗೆ ಹೊರಟ.

ನಾಗಪ್ಪ ಗಿರಣಿಯಲ್ಲಿ ಜೋಳ ಹಾಕುತ್ತಿದ್ದ.

"ನಾಗಪ್ಪಣ್ಣಾ, ಯಾಕ ಹಿಂದ ಸರದಿ?"

"ನೀವ ನೀರು ಕುಡೀಲಾರದ ಮನೀಗೆ ನಾ ಹೆಂಗ ಜಾಮೀನಾಗ್ಲಿರಿ?"

"ನನಗ ತರಬೇತಿಯೊಳಗ ಹಂಗ ಹೇಳಿದ್ರು. ಯಾರ ಮನ್ಯಾಗೂ ಏನೂ ತಗೋಬ್ಯಾಡ್ರಿ ಅಂತ."

ನಾಗಪ್ಪ ಗಿರಣಿ ಬಂದ್ ಮಾಡಿದ. "ಇದನ್ನ ಕಲಸಾಕ ಎಷ್ಟು ದಿನ ಹಿಡೀತು?"

"ಮೂರು."

"ನಮ್ಮ ಬೀಗರು ಇದನ್ನ ಯಾರೂ ಕಲಸಲಾರದನ ಮಾಡತಾರ."

ಗುಡದಪ್ಪ ನಗಲಿಲ್ಲ. ಸಕೀನಾಬಿಯ ಕಟ್ಟೆಗೆ ಹೋಗಿ ಕೂತು, ಓಣಿಯವರು ಕೂಡುವ ತನಕ ಕಾದು, "ತಪ್ಪು ಈ ಮನೀದಲ್ಲ, ನಂದು" ಎಂದು ಎಲ್ಲರೆದುರು ಹೇಳಿದ. ಎರಡು ಕಪ್ ಚಹಾ ಕುಡಿದ. ಸಕೀನಾಬಿ ಕೊಟ್ಟಳು, ನಗಲಿಲ್ಲ. ಓಣಿ ಅವನು ಖಾಲಿ ಕಪ್ ಕೆಳಗಿಡುವುದನ್ನು ನೋಡಿಯೇ ಕದಲಿತು. ಸಂಜೆಯೊಳಗೆ ನಾಗಪ್ಪನ ಸಹಿಯೂ ಮಹಮ್ಮದಗೌಸನ ಸಹಿಯೂ ಬಿದ್ದವು.

ಇನ್ನು ಉಳಿದದ್ದು ಕಾಗದ. ಒಮ್ಮೆ ಬೇಡ ಎಂದು ಬರೆದವನು ಇನ್ನೊಮ್ಮೆ ಬೇಕು ಎಂದು ಬರೆಯಲು ಕಾರಣ ಬೇಕು. ಗುಡದಪ್ಪ ಬೆಂಗಳೂರಿಗೆ ಭುವನಾಗೆ ಫೋನು ಮಾಡಿ ಎಲ್ಲ ಹೇಳಿದ. ಅವಳು ಬಹಳ ಹೊತ್ತು ಸುಮ್ಮನಿದ್ದಳು. ಇದು ಕಲಿಸಿಕೊಟ್ಟ ಮೌನವಲ್ಲ ಎಂದು ಅವನಿಗೆ ತಿಳಿಯಿತು.

"ಇದು ನಂಗೆ ಗೊತ್ತಿರ್ಲಿಲ್ಲ ಸರ್. ನಿಮ್ಮನ್ನ ಕೇಳ್ಬೇಕಿತ್ತು ನಾನು. ಫಾರಂನಲ್ಲಿ ಇದಕ್ಕೆ ಜಾಗ ಇಲ್ಲ, ಕೆಳಗಡೆ ಕೈಯಲ್ಲೇ ಬರೀರಿ."

ಬರೆದ: "ಮೊದಲ ಭೇಟಿಯಲ್ಲಿ ನಾನು ಚಹಾ ಕುಡಿಯಲಿಲ್ಲ. ಆದ್ದರಿಂದ ಸ್ಥಳೀಯರು ಕೈದಿಯ ಮೇಲಿನ ನಂಬಿಕೆ ಕಳೆದುಕೊಂಡರು. ಈಗ ಕುಡಿದಿದ್ದೇನೆ. ಮೂವತ್ತು ದಿನ ಬಿಡಬಹುದು." ಮೇಲಿನವರಿಗೆ ಇದು ಅರ್ಥವಾಗಲಿಲ್ಲ. ಗುಡದಪ್ಪನಿಗೆ ವಿವರಣೆ ಕೇಳಿ ಒಂದು ಕಾಗದ ಬಂತು, ಅವನು ಕೊಟ್ಟ ವಿವರಣೆಗೆ ವಿವರಣೆ ಕೇಳಿ ಇನ್ನೊಂದು ಬಂತು. ಮಾರ್ಚ್, ಏಪ್ರಿಲ್ ಹೋಗಿ ಮೇ ಅರ್ಧವಾಯಿತು. ಕೊನೆಗೆ ಕಡತದಲ್ಲಿ ಬೇಡ ಎಂಬ ವರದಿಯೂ ಇದೆ, ಬೇಕು ಎಂಬ ವರದಿಯೂ ಇದೆ, ಎರಡನ್ನೂ ಕಡೆಗಣಿಸಲಾಗದು ಎಂದು ಹದಿನೈದು ದಿನ ಮಂಜೂರು ಮಾಡಿದರು.

ಶಮಶೇರಸಾಬ ಬಂದ. ಹಗಲೆಲ್ಲ ಮಾಳಿಗೆಯಿಂದ ಕೆಳಗಿಳಿಯಲಿಲ್ಲ. ಬಾಗಿದ ತೊಲೆ ತೆಗೆದು ಹೊಸದನ್ನು ಕೂಡಿಸುವುದರಲ್ಲೇ ಒಂದು ವಾರ ಹೋಯಿತು. ಪಡಸಾಲೆಯ ಅಂಕಣಕ್ಕೆ ಜಂತಿ ಹಾಕಿ, ಮಣ್ಣು ಹೊತ್ತು, ತುಳಿದು, ಬಡಿದು ಮುಗಿಸುವಷ್ಟಕ್ಕೆ ಹದಿನೈದನೆಯ ದಿನ ಬಂತು. ಕೈಕಾಲು ತೊಳೆದುಕೊಂಡು ಬಳ್ಳಾರಿಯ ಬಸ್ಸು ಹತ್ತಿದ. ಒಂದು ಗಂಟೆಯೂ ತಡ ಮಾಡಲಿಲ್ಲ. ಅಡುಗೆಮನೆಯ ಅಂಕಣಕ್ಕೆ ನಾಗಪ್ಪ ಗಿರಣಿಯ ಹಳೆಯ ತಾಡಪತ್ರಿ ಹೊದಿಸಿ ಕಲ್ಲು ಹೇರಿದ.

ಜೂನ್ ಎರಡನೆಯ ವಾರ ಮಳೆ ಹಿಡಿಯಿತು. ಕೈದಿ ಹೋದ ಮೇಲೆ ಒಮ್ಮೆ ಮನೆ ನೋಡಿ ಬರೆಯಬೇಕೆಂಬ ನಿಯಮವಿದ್ದದ್ದರಿಂದ ಗುಡದಪ್ಪ ಕೊಡೆ ಹಿಡಿದು ಬಂದ. ಪಡಸಾಲೆ ಒಣಗಿತ್ತು, ಒಂದು ಹನಿಯಿಲ್ಲ. ರಮಜಾನಬಿ ಅಲ್ಲಿ ಬೆಚ್ಚಗೆ ಮಲಗಿದ್ದಳು. ಒಲೆಯನ್ನೂ ಅಲ್ಲಿಗೇ ತಂದಿಟ್ಟಿದ್ದರು. ಆಚೆಯ ಅಂಕಣದಲ್ಲಿ ಬೋಗುಣಿ, ಕೊಡ, ಪರಾತ ಎಲ್ಲವನ್ನೂ ಸಾಲಾಗಿ ಇಟ್ಟಿದ್ದರು, ಎಲ್ಲವೂ ತುಂಬಿ ಹರಿಯುತ್ತಿದ್ದವು. ಹದಿನೈದು ದಿನದಲ್ಲಿ ಆದದ್ದು ಈ ಕಡೆ, ಸಿಗದೆ ಹೋದ ಹದಿನೈದು ದಿನ ಆ ಕಡೆ. ಗುಡದಪ್ಪ ಹೊಸ್ತಿಲಲ್ಲಿ ನಿಂತು ಎರಡನ್ನೂ ನೋಡಿದ.

"ಒಳಗ ಬರ್ರಿ ಸಾಹೇಬ್ರ" ಎಂದು ಸಕೀನಾಬಿ ಪಡಸಾಲೆಯಲ್ಲಿ ಚಾಪೆ ಹಾಸಿದಳು. "ಇಲ್ಲಿ ಕುಂದ್ರಿ."

ಗುಡದಪ್ಪ ಚಾಪೆ ದಾಟಿ ಆಚೆಯ ಅಂಕಣಕ್ಕೆ ಹೋಗಿ, ಒಂದು ಬೋಗುಣಿ ಸರಿಸಿ, ನೆಲಕ್ಕೆ ಕೂತ.

"ಅಲ್ಲಿ ಸೋರತೈತ್ರಿ!"

"ಗೊತ್ತೈತಿ ತಂಗೀ" ಎಂದು ಅವನು ಅಲ್ಲೇ ಕೂತಿದ್ದ.