ಮುದ್ದಪ್ಪಮಾವನ ಪೈನ್ ಮರದ ಸೊಟ್ಟು

ತಾವರೆಕೆರೆ ಕಡೆಯ ನಮ್ಮ ಹಟ್ಟಿಯಲ್ಲಿ ಕುರಿ, ಮೇಕೆ ಸಾಕಿಕೊಂಡಿದ್ದ ಮುದ್ದಪ್ಪಮಾವನಿಗೆ ಮರದ ಹುಚ್ಚು ಹಿಡಿದದ್ದು ಎಪ್ಪತ್ತೆಂಟರಲ್ಲಿ. ಕುರಿ ಮಾರಲು ಬೆಂಗಳೂರಿಗೆ ಹೋದವನು ಲಾಲ್‌ಬಾಗ್ ನೋಡಿ ಮರುಳಾಗಿ, ಯಾವುದೋ ನರ್ಸರಿಯಿಂದ ಮೊಳದುದ್ದದ ಪೈನ್ ಸಸಿಯನ್ನು ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ಬಂದ. ನೋಡಲು ನಾವೆಲ್ಲ ಎದ್ದೆವೋ ಬಿದ್ದೆವೋ ಎಂದು ಓಡಿದೆವು!

"ಸರ್ವೆ ಗಿಡ ತಂದವ್ನೆ ಕಣ್ರಲಾ," ಎಂದು ಪಕ್ಕದ ಮನೆಯ ಗಂಗಣ್ಣ ನಕ್ಕ.

ಮಾವ ಬಿಡುತ್ತಾನೆಯೇ? ಕೆರೆ ಏರಿಯ ಸರ್ವೆ ಮರದಿಂದ ಒಂದು ಎಳೆ ತಂದು ಜಗ್ಗಿದ. ಗಿಣ್ಣು ಗಿಣ್ಣಾಗಿ ಬಿಚ್ಚಿಕೊಂಡಿತು. ಪೈನಿನ ಸೂಜಿಯಂಥ ಎಲೆಗೆ ಗಿಣ್ಣೇ ಇಲ್ಲ, ಬುಡದಲ್ಲಿ ಮೂರು ಮೂರು ಕೂಡಿಕೊಂಡಿದ್ದವು.

"ನೋಡ್ರಲಾ! ಇದು ರಸ್ತೆಗೆ ಕಾಣಂಗೆ ನೆಟ್ಟಗೆ ಬೆಳೀತದೆ. ಬೆಳೀದಿದ್ರೆ ನನ್ನ ಮೀಸೆ ಬೋಳ್ಸಿ!"

ನೀರು ನಿಲ್ಲದ ದಿಬ್ಬದಲ್ಲಿ ಗುಂಡಿ ತೋಡಿ, ಮರಳು ಬೆರೆಸಿ ನೆಟ್ಟ. ಕುರಿಮರಿಗಳ ರೊಪ್ಪಕ್ಕೂ ಹಾಕದಷ್ಟು ಕಾರೆಮುಳ್ಳು ಸುತ್ತಲೂ ಜಡಿದ. ಮೇಕೆ ಮೂತಿ ತೂರಿಸಲಿ ನೋಡೋಣ! ಎರಡು ವರ್ಷಕ್ಕೆ ಗಿಡ ಎದೆಮಟ್ಟ ಬಂತು.

ಮುಳ್ಳು ಮೇಕೆಯನ್ನು ತಡೆಯಿತು, ಅತ್ತೆಯನ್ನಲ್ಲ. ಕುಡಿ ಮುರಿದರೆ ನಾಲ್ಕು ಕವಲೊಡೆದು ಸೊಪ್ಪು ಹೆಚ್ಚುತ್ತದೆ ಎಂದು ಎಳೆ ಗಿಡ ಕಂಡಲ್ಲೆಲ್ಲ ಮುರಿಯುವ ಕೈ ಮೇಕೆ ಸಾಕುವವರದು. ಮಾವ ಸಂತೆಗೆ ಹೋದಾಗ ಅವನ ಹೆಂಡತಿ ಕ್ಯಾತಮ್ಮತ್ತೆ ಪ್ರೀತಿಯಿಂದಲೇ ಪೈನಿನ ನೆತ್ತಿ ಮುರಿದಳು. ನೆತ್ತಿ ಹೋದರೆ ಪೈನ್ ನೆಟ್ಟಗೆ ಏಳುವುದಿಲ್ಲವೆಂದು ಅವಳಿಗೇನು ಗೊತ್ತು? ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು!

ಬಂದ ಮಾವ ಮುರಿದ ಕುಡಿಯನ್ನು ಎತ್ತಿ ನೋಡಿದ. ಮೀಸೆ ಮುಟ್ಟಿಕೊಂಡು ಬೇಲಿ ಪಕ್ಕ ಕೂತವನು ಊಟಕ್ಕೂ ಏಳಲಿಲ್ಲ. ನನಗಂತೂ ಅಳುವೇ ಬಂತು.

"ಕಾಲು ಮುರ್ದ ಮರಿಗೆ ದಬ್ಬೆ ಕಟ್ಟಿ ನಿಲ್ಸಾಕಿಲ್ವಾ? ಏಳು, ಮಚ್ಚು ತಕ್ಕಂಬಾ," ಎಂದಳು ಅತ್ತೆ.

ಬಿದಿರು ಸೀಳಿ ಕಾಂಡಕ್ಕೆ ಬಿಗಿದಳು. ಎಲ್ಲಕ್ಕಿಂತ ಮೇಲಿದ್ದ ಅಡ್ಡರೆಂಬೆಯನ್ನು ಮೆಲ್ಲಗೆ ಎತ್ತಿ, ಆ ದಬ್ಬೆಗೆ ಉಣ್ಣೆ ಹುರಿಯಿಂದ ಕಟ್ಟಿದಳು. ಮಾವ ಹುರಿಯ ತುದಿ ಹಿಡಿದುಕೊಟ್ಟ.

ಮಳೆಗಾಲ ಮುಗಿಯುವಷ್ಟರಲ್ಲಿ, ಅಬ್ಬಾ, ಆ ರೆಂಬೆಯ ತುದಿಯಲ್ಲಿ ಹೊಸ ಕುಡಿ ಆಕಾಶಕ್ಕೆ ನೆಟ್ಟಗೆ ನಿಂತಿತು! ಹಟ್ಟಿಗೆ ಹಟ್ಟಿಯೇ ಕುಣಿಯಿತು. ಗಂಗಣ್ಣನೂ ಕುಣಿದ.

ಎಂಬತ್ತೈದರ ಹೊತ್ತಿಗೆ ಮರ ಬಸ್ಸಿನಿಂದಲೇ ಕಾಣುತ್ತಿತ್ತು. ರೆಂಬೆ ಎತ್ತಿ ಕಟ್ಟಿದ್ದ ಎದೆಮಟ್ಟದಲ್ಲಿ ಒಂದು ಸೊಟ್ಟು ಬಿಟ್ಟರೆ ಪೂರ್ತಿ ನೆಟ್ಟಗೆ. ಇದು ಸರ್ವೆಯಲ್ಲ ಅಂತ ಹೆಂಗೆ ಗುರುತು ಎಂದು ಯಾರಾದರೂ ಕೇಳಿದರೆ ಮಾವ ಸೂಜಿ ತೋರಿಸುವುದನ್ನೇ ಬಿಟ್ಟಿದ್ದ. ಸೊಟ್ಟನ್ನು ಸವರಿ, ಮೀಸೆಯಲ್ಲೇ ನಗುತ್ತಿದ್ದ.

"ಇಲ್ಲಿಂದ ಕೆಳೀಕೆ ನಂದು. ಮೇಲಕ್ಕೆಲ್ಲ ನಮ್ಮ ಕ್ಯಾತಮ್ಮಂದು."