‘ನಾನು’ ಎಂದು ಹೇಳಿಸಿದ್ದು

ನಾನು ಸೇಡಿನವಳು, ಮುಚ್ಚಿಡುವುದಿಲ್ಲ. ನ್ಯೂಜೆರ್ಸಿಗೆ ಬಂದ ಹೊಸತರಲ್ಲಿ, ಒಂದು ಯುಗಾದಿ ಊಟದಲ್ಲಿ, ಮೈಸೂರಿನ ಆಂಟಿಯೊಬ್ಬರು ನನ್ನ ಧಾರವಾಡದ ಮಾತಿಗೆ ನಕ್ಕು, “ನೀನು ಮಾತಾಡಿದ್ರೆ ಜಗಳಕ್ಕೆ ಬಂದ ಹಾಗಿರುತ್ತಮ್ಮಾ, ಸ್ವಲ್ಪ ನೀಟಾಗಿ ಕಲ್ತ್ಕೋ,” ಎಂದಿದ್ದರು. ನಾನು ತಲೆ ತಗ್ಗಿಸಿ ಹೋಳಿಗೆ ತಿಂದೆ. ಆ ಹೋಳಿಗೆ ಇನ್ನೂ ಗಂಟಲಲ್ಲೇ ಇದೆ.

ಈಗ ಮ್ಯಾನ್‌ಹಟನ್ನಿನ ಒಂದು ಆಸ್ಪತ್ರೆಯಲ್ಲಿ ಅರಿವಳಿಕೆ ವೈದ್ಯೆ. ಕಳೆದ ಚಳಿಗಾಲ, ಆಪರೇಷನ್ನಿನ ಹಿಂದಿನ ದಿನದ ತಪಾಸಣೆಗೆ ಅಫ್ಘಾನಿಸ್ತಾನದ ಹಜಾರಾ ಜನಾಂಗದ ಅಜ್ಜಿಯೊಬ್ಬರು ಬಂದರು. ಅವರ ಮಾತು ಹಜಾರಗಿ, ಬೆಟ್ಟಸೀಮೆಯ ಪರ್ಷಿಯನ್. ಫೋನಿನಲ್ಲಿ ಸಿಕ್ಕ ದುಭಾಷಿ ಕಾಬೂಲಿನವನು; ಆ ಪಟ್ಟಣದ ಹಲವರಿಗೆ ಹಜಾರಾಗಳೆಂದರೆ ತಾತ್ಸಾರ. ಹಿಂದೆ ಅರಿವಳಿಕೆ ಕೊಟ್ಟಾಗ ತೊಂದರೆಯಾಗಿತ್ತೇ ಎಂದು ಕೇಳಿದೆ. ಅಜ್ಜಿ ಕೈಯಾಡಿಸುತ್ತ ಎರಡು ನಿಮಿಷ ಹೇಳಿದರು. ನಡುವೆ ಅವನು ಏನೋ ಅಂದು ನಕ್ಕ. ಅಜ್ಜಿ ತಲೆವಸ್ತ್ರದ ಅಂಚಿನಿಂದ ಬಾಯಿ ಮುಚ್ಚಿಕೊಂಡರು.

“ಏನೂ ತೊಂದರೆ ಇರಲಿಲ್ಲವಂತೆ, ಡಾಕ್ಟರ್,” ಎಂದ.

ಆ ನಗು ನನಗೆ ಗೊತ್ತಿತ್ತು.

ದುಭಾಷಿಗಳಿಗೆ ಒಂದು ನಿಯಮವಿದೆ. ಆಡಿದ ಪ್ರತಿ ಮಾತನ್ನೂ ಹೇಳಬೇಕು, ಅದೂ ರೋಗಿಯೇ ಆಗಿ, ‘ನಾನು’ ಎಂದೇ. “ನೀವು ಅವರಿಗೆ ಅಂದದ್ದನ್ನೂ ಇಂಗ್ಲಿಷಿನಲ್ಲಿ ಹೇಳಿ,” ಎಂದೆ. ಅದು ಮುಖ್ಯವಲ್ಲ ಎಂದ. ಕರೆ ರೆಕಾರ್ಡ್ ಆಗುತ್ತಿದೆ ಎಂದು ನೆನಪಿಸಿದೆ.

“ಮನುಷ್ಯರ ಹಾಗೆ ಮಾತಾಡು, ಬೆಟ್ಟದವರ ಹಾಗಲ್ಲ, ಅಂದೆ,” ಎಂದ.

“ಈಗ ಮೊದಲಿನಿಂದ. ಒಂದೊಂದೇ ವಾಕ್ಯ.”

ನಾನು ಅಜ್ಜಿಯ ಕೈ ಹಿಡಿದೆ. ಅವರು ಮೆಲ್ಲಗೆ ಶುರುಮಾಡಿದರು, ಅವನು ಹಿಂದೆಯೇ ಹೇಳುತ್ತ ಹೋದ.

“ಪಾಕಿಸ್ತಾನದ ಕ್ವೆಟ್ಟಾದಲ್ಲಿ ಅರಿವಳಿಕೆ ಕೊಟ್ಟಮೇಲೆ ನನ್ನ ಗಂಟಲಿಗೆ ಉಸಿರಿನ ನಳಿಗೆ ಹಾಕಲು ಆಗಲಿಲ್ಲ. ನನ್ನ ಉಸಿರು ನಿಂತಿತ್ತು. ಸತ್ತೆನೆಂದು ಮಗನನ್ನು ಒಳಗೆ ಕರೆದಿದ್ದರು.”

ನನ್ನ ಪೆನ್ನು ನಿಂತಿತು. ಅವನ ಒಂದು ನಗುವಿಗೆ ಮರುದಿನ ಈ ಜೀವ ನನ್ನ ಕೈಯಲ್ಲೇ ಹೋಗಬಹುದಿತ್ತು. ಆಪರೇಷನ್ ಮುಂದೆ ಹಾಕಿಸಿದೆ. ಅವನ ಮೇಲೆ ದೂರನ್ನೂ ಆಮೇಲೆ ಬರೆದೆ. ಆದರೆ ಅಷ್ಟಕ್ಕೆ ನನ್ನ ಹೊಟ್ಟೆ ತಣ್ಣಗಾಗುವಂತಿರಲಿಲ್ಲ. ಫೋನ್ ಇಡುವ ಮುಂಚೆ, ಫೈಲಿಗೆ ಬೇಕಿಲ್ಲದ ಒಂದು ಪ್ರಶ್ನೆಯನ್ನು ಅಜ್ಜಿಗೆ ಕೇಳಿದೆ: ನೀವು ಯಾವ ಜನ, ನಿಮ್ಮ ಮಾತು ಯಾವುದು?

ಅಜ್ಜಿ ಬಾಯಿಯ ಮೇಲಿನ ಬಟ್ಟೆ ಸರಿಸಿ ಹೇಳಿದರು. ಅವನು ತಡವರಿಸುತ್ತ ಇಂಗ್ಲಿಷಿನಲ್ಲಿ ಹೇಳಿದ.

“ನಾನು ಹಜಾರಾ. ನನ್ನ ಮಾತು ಹಜಾರಗಿ.”

“ಸರಿಯಾಗಿ ಕೇಳಿಸಲಿಲ್ಲ, ಇನ್ನೊಮ್ಮೆ ಹೇಳಿ,” ಎಂದೆ.

ಹೇಳಿದ. ಮೂರನೆಯ ಸಲವೂ ಹೇಳಿಸಿದೆ. ನನಗೆ ಮೊದಲ ಸಲವೇ ಚೆನ್ನಾಗಿ ಕೇಳಿಸಿತ್ತು.